ಎರಡನೇ ಸುಮಾ

ಮೊನ್ನೆ ತಂಗಿಯ ಮಗಳ ಸೀಮಂತಕ್ಕೆ ಒಳ್ಳೆಯ ಉಂಡೆ ಕೊಬ್ಬರಿ ಬೇಕಾಗಿ ರೇಣುಕಪ್ಪನ ತೋಟಕ್ಕೆ ಹೋಗಿದ್ದೆ. ಶೆಡ್ಡಿನ ಬಾಗಿಲು ತೆಗೆದದ್ದೇ ತಡ, ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ಎಣ್ಣೆಯ ಜಿಡ್ಡು, ಸಿಪ್ಪೆಯ ಧೂಳು, ಒಂದಿಷ್ಟು ಸಿಹಿ, ಒಂದಿಷ್ಟು ಕಮಟು. ತಿಪಟೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಬೇರೆ ಗೊತ್ತಾಗುವುದೇ ಇಲ್ಲ. ನನಗೆ ಮಾತ್ರ ಹೋದ ವರ್ಷದಿಂದ ಆ ವಾಸನೆ ಬಂದರೆ ಜೊತೆಗೆ ಮುಖಕ್ಕೆ ಹಚ್ಚುವ ಬಣ್ಣದ ವಾಸನೆಯೂ ಬರುತ್ತದೆ. ಬಾಗಿಲಲ್ಲೇ ನಿಂತುಬಿಟ್ಟೆ.

"ಯಾಕ್ ಮೇಡಂ, ಕೊಬ್ರಿ ಕೆಟ್ಟೈತೆ ಅನ್ಕಂಡ್ರಾ?" ಎಂದ ರೇಣುಕಪ್ಪ. ಅವನೂ ನಾನೂ ಪಿಯುಸಿಯಲ್ಲಿ ಒಂದೇ ಕ್ಲಾಸು. ನಾನು ಲೆಕ್ಚರರ್ ಆದ ದಿನದಿಂದ ರೇಗಿಸಲಿಕ್ಕೆಂದೇ ಮೇಡಂ ಅನ್ನುತ್ತಾನೆ.

"ಇಲ್ಲ ಮಾರಾಯ, ನಾಟಕ ನೆನಪಾಯ್ತು."

ಅವನು ಕೊಬ್ಬರಿ ಆರಿಸುವುದನ್ನು ನಿಲ್ಲಿಸಿದ. "ಆ ಕಡೇ ಸೀನು ನಂಗಿನ್ನೂ ಅರ್ಥ ಆಗಿಲ್ಲ ಬುಡು" ಎಂದು ಮತ್ತೆ ಆರಿಸತೊಡಗಿದ.

ಅದು ಸಂಕ್ರಾಂತಿಯಿಂದ ಯುಗಾದಿಯವರೆಗಿನ ಎರಡೂವರೆ ತಿಂಗಳ ಕಥೆ. ಕಥೆ ಶುರುವಾಗುವುದು ಅದಕ್ಕೂ ಹಿಂದೆ, ನಾವು ಪಿಯುಸಿಯಲ್ಲಿದ್ದಾಗ ಬಂದ 'ಏಳೂಮುಕ್ಕಾಲಿನ ಬಸ್ಸು' ಎಂಬ ಸಿನಿಮಾದಿಂದ. ಬೆಂಗಳೂರಿನಲ್ಲಿ ಒಂದು ವಾರವೂ ಓಡದ ಆ ಸಿನಿಮಾ ನಮ್ಮ ಕಡೆ ಎಷ್ಟು ಓಡಿತೆಂದರೆ, ಅದನ್ನು ನೋಡಲು ಹೋಗಿ ಟೆಸ್ಟ್ ತಪ್ಪಿಸಿಕೊಂಡವರ ಸಾಲಿನಲ್ಲಿ ನಾನೂ ನಿಂತು ಬೈಸಿಕೊಂಡಿದ್ದೇನೆ. ರಘು, ಸುಮಾ ಅಂತ ಇಬ್ಬರು. ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾರೆ. ಇಡೀ ಸಿನಿಮಾದಲ್ಲಿ ನೆಟ್ಟಗೆ ನಾಲ್ಕು ಮಾತಾಡುವುದಿಲ್ಲ, ಹಾಡುಗಳು ಮಾತ್ರ ಒಂದು ಸ್ಟಾಪಿಗೂ ಇನ್ನೊಂದು ಸ್ಟಾಪಿಗೂ ನಡುವೆ ಬಂದು ಹೋಗುತ್ತವೆ. ಕೊನೆಗೆ ಪರೀಕ್ಷೆಯ ದಿನ ಬೆಳಗ್ಗೆ, ಮನೆಯೂ ಇಲ್ಲದ ತೋಟವೂ ಇಲ್ಲದ ಒಂದು ಜಾಗದಲ್ಲಿ ಸುಮಾ ಎದ್ದು ಬಸ್ಸಿನಿಂದ ಇಳಿದು ನಡೆದು ಹೋಗುತ್ತಾಳೆ. ರಘು ಹಿಂದಿನ ಗಾಜಿನಲ್ಲಿ ನೋಡುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಯಾಕೆ ಇಳಿದಳು? ಸಿನಿಮಾದವರು ಹೇಳಲಿಲ್ಲ. ಅದೇ ಅದರ ಗುಟ್ಟು ಅನ್ನಿಸುತ್ತದೆ. ಮದುವೆ ಗೊತ್ತಾಗಿತ್ತು ಎಂದು ಕೆಲವರು, ರಘುವಿಗಿಂತ ಜಾಸ್ತಿ ಅಂಕ ತೆಗೆಯಬಾರದು ಅಂತ ತ್ಯಾಗ ಮಾಡಿದಳು ಎಂದು ರೇಣುಕಪ್ಪನ ಗುಂಪು, ಹೊಟ್ಟೆ ತೊಳೆಸಿರಬೇಕು ಎಂದು ನನ್ನ ಗೆಳತಿ. ಈಗ ನನ್ನ ಕ್ಲಾಸಿನಲ್ಲಿರುವ ಮಕ್ಕಳು ಆಗ ಹುಟ್ಟೇ ಇರಲಿಲ್ಲ. ಅವರ ಮೊಬೈಲಿನಲ್ಲೂ ಆ ಹಿಂದಿನ ಗಾಜಿನ ಸೀನು ಸುತ್ತುತ್ತಿರುತ್ತದೆ. ಚಿತ್ರ ತೆಗೆದದ್ದು ಯಾವ ಜಿಲ್ಲೆಯಲ್ಲೋ ಏನೋ, ಹಾಡುಗಳಲ್ಲಿ ಕಿಟಕಿಯಾಚೆ ತೆಂಗಿನ ತೋಟ ಕಾಣಿಸುತ್ತದೆ ಎಂಬ ಒಂದೇ ಸಾಕ್ಷಿಯ ಮೇಲೆ ಅದು ಹೊನ್ನವಳ್ಳಿ ರಸ್ತೆಯೇ ಎಂದು ಇಲ್ಲಿಯವರು ಆಣೆ ಮಾಡುತ್ತಾರೆ. ನನ್ನ ಮನೆ ಹೊನ್ನವಳ್ಳಿಯಲ್ಲಿ, ಕೆಲಸ ತಿಪಟೂರಿನ ಕಾಲೇಜಿನಲ್ಲಿ. ದಿನಾ ಅದೇ ದಾರಿಯಲ್ಲಿ ಹೋಗುವ ನನಗೂ ಒಂದೊಂದು ಸಲ ಅದು ನಿಜ ಅನ್ನಿಸುವುದುಂಟು.

ರೇಣುಕಪ್ಪನ ನಾಟಕ ಮಂಡಳಿ ಪ್ರತಿವರ್ಷ ಯುಗಾದಿ ಸುಮಾರಿಗೆ ಒಂದು ಪೌರಾಣಿಕ ನಾಟಕ ಆಡುತ್ತದೆ. ಕರ್ಣನ ಪಾತ್ರ ಅವನಿಗೇ ಮೀಸಲು. ಹೋದ ವರ್ಷ ಹುಡುಗರು ಹಠ ಹಿಡಿದರು, ಈ ಸಲ 'ಏಳೂಮುಕ್ಕಾಲಿನ ಬಸ್ಸು' ಸ್ಟೇಜಿಗೆ ಬರಬೇಕು ಅಂತ. ನಾಟಕ ಶಾಲೆಯಲ್ಲಿ ಕಲಿತು ಬಂದಿದ್ದ ಚೇತನ್ ನಿರ್ದೇಶಕ. ಸಿನಿಮಾದ ಹಾಡು ಇರುವುದು ಐದೇ. ಎರಡು ಗಂಟೆಯ ಆಟಕ್ಕೆ ಸಾಲದು. ಹಾಗಾಗಿ ಆ ಕಾಲದಲ್ಲಿ ಆಟೋದಲ್ಲಿ, ಮದುವೆಯ ಆರ್ಕೆಸ್ಟ್ರಾದಲ್ಲಿ ಕೇಳುತ್ತಿದ್ದ ಹಾಡುಗಳನ್ನೆಲ್ಲ ಹುಡುಕಿ ಪೋಣಿಸುವುದು ಎಂದಾಯಿತು. ಅಲ್ಲಿಂದ ಜಗಳ ಶುರು. ನಲವತ್ತು ದಾಟಿದ ಒಬ್ಬೊಬ್ಬ ಗಂಡಸಿನ ಎದೆಯಲ್ಲೂ ಒಂದೊಂದು ಹಾಡು ಅಡಗಿ ಕೂತಿದೆ ಎಂದು ನನಗೆ ಆಗ ಗೊತ್ತಾಯಿತು. ಯಾವ ಹಾಡು, ಯಾರಿಗಾಗಿ ಎಂದು ಕೆದಕಿ ಕೆದಕಿ ಕೇಳಿದೆ. ನನಗೆ ಮೊದಲಿನಿಂದಲೂ ಇಣುಕಿ ನೋಡುವ ಚಟ. ಯಾರೂ ಬಾಯಿಬಿಡಲಿಲ್ಲ. ನನ್ನನ್ನು ಮಾತು ಮರೆತವರಿಗೆ ಪಿಸುಗುಟ್ಟುವ ಪ್ರಾಂಪ್ಟರ್ ಮಾಡಿದರು, ಸುಮ್ಮನೆ ಕೂರಲಿ ಅಂತ ಇರಬೇಕು.

ಪಾತ್ರ ಹಂಚುವ ದಿನ ಶೆಡ್ಡಿನಲ್ಲಿ ಸೇರಿದೆವು. ಮೇಲೆ ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ, ಕೆಳಗೆ ಚಾಪೆ. ರಘುವಿನ ಪಾತ್ರಕ್ಕೆ ಚೇತನ್ ಡಿಗ್ರಿ ಓದುವ ಹುಡುಗನೊಬ್ಬನನ್ನು ಆರಿಸಿಕೊಂಡು ಬಂದಿದ್ದ. ರೇಣುಕಪ್ಪ ಗಂಟಲು ಸರಿಮಾಡಿಕೊಂಡ.

"ಅವನು ರಘು ಒಂದು. ನಮ್ ಲಾರಿ ಶಂಕ್ರ ರಘು ಎರಡು. ನಾನು ರಘು ಮೂರು."

ಚೇತನ್ ನಕ್ಕ. ತಮಾಷೆ ಎಂದುಕೊಂಡ ಪಾಪ. "ಸರ್, ಒಂದು ಪಾತ್ರ ಒಬ್ರೇ ಮಾಡೋದು."

"ಯಾರಪ್ಪ ಹೇಳಿದ್ದು? ಒಂದ್ ನಾಟಕದಾಗೆ ಮೂರ್ ಜನ ಕೃಷ್ಣ ಬಂದೋದ್ರೂ ನಮ್ ಜನ ಕೃಷ್ಣನ್ನ ಗುರುತು ಹಿಡೀತಾರೆ. ರಘುನ ಹಿಡಿಯಲ್ವಾ?"

ಇದು ನಮ್ಮ ಕಡೆಯ ಪದ್ಧತಿ. ಆಸೆ ಇರುವವರು ಬಹಳ, ಪಾತ್ರ ಕಮ್ಮಿ. ಅದಕ್ಕೇ ಹೊತ್ತಿಗೊಬ್ಬರಂತೆ ಒಂದೇ ಪಾತ್ರವನ್ನು ಹಂಚಿಕೊಳ್ಳುತ್ತಾರೆ. ಕರಪತ್ರದಲ್ಲಿ ಕೃಷ್ಣ–೧, ಕೃಷ್ಣ–೨ ಎಂದು ಅಚ್ಚಾಗುತ್ತದೆ, ನೋಡುವವರಿಗೆ ಗೊಂದಲವೇನೂ ಆಗುವುದಿಲ್ಲ. ಚೇತನ್ ತಲೆ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಹೆಣ್ಣು ಪಾತ್ರಕ್ಕೆ ರೇಣುಕಪ್ಪ ಆಗಲೇ ಪ್ರೇಮಕ್ಕನಿಗೆ ವೀಳ್ಯ ಕೊಟ್ಟುಬಂದಿದ್ದ.

ಪೌರಾಣಿಕ ನಾಟಕಗಳಲ್ಲಿ ಊರ ಗಂಡಸರು ಪಾತ್ರ ಮಾಡುತ್ತಾರೆ, ಊರ ಹೆಂಗಸರು ಮಾಡುವುದಿಲ್ಲ. ದ್ರೌಪದಿ, ಕುಂತಿ, ರುಕ್ಮಿಣಿಯರು ಹೊರಗಿನಿಂದ ಬರಬೇಕು. ಚಿಕ್ಕನಾಯಕನಹಳ್ಳಿಯ ಪ್ರೇಮಕ್ಕ ಮೂವತ್ತಾರು ವರ್ಷದಿಂದ ಹೀಗೆ ಊರೂರಿಗೆ ಬರುತ್ತಿರುವ ಕಲಾವಿದೆ. ಮಂಡಳಿಯವರು ಎಲೆ ಅಡಿಕೆ ಇಟ್ಟು ಕರೆದಾಗ ಅವರು ಅದನ್ನು ತೆಗೆದುಕೊಂಡರೆ ಮುಗಿಯಿತು, ಆ ಮೇಲೆ ಅವರೂ ತಪ್ಪಿಸುವ ಹಾಗಿಲ್ಲ, ಇವರೂ ಬೇಡ ಅನ್ನುವ ಹಾಗಿಲ್ಲ.

"ಅವ್ರಿಗೆ ಎಷ್ಟು ವಯಸ್ಸು ಸರ್?" ಎಂದು ಚೇತನ್ ಕೇಳಿದ.

"ಐವತ್ತೆರಡು ಇರಬೌದು. ಅದ್ಕೇನಂತೆ?"

ಸುಮಾಳ ತಾಯಿಯ ಪಾತ್ರಕ್ಕೆ ಆಗುತ್ತಾರೆ ಎಂದು ಚೇತನ್ ಸಮಾಧಾನ ಮಾಡಿಕೊಂಡ. ಸುಮಾ ಆಗಲಿಕ್ಕೆ, ಇದು ಪೌರಾಣಿಕ ಅಲ್ಲವೆಂದು ಒಪ್ಪಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಸ್ಪಂದನಾ ಇದ್ದಳು, ಹತ್ತೊಂಬತ್ತರ ಚುರುಕು ಹುಡುಗಿ. ತಾಲೀಮು ಮುಗಿಯುವವರೆಗೆ ಪ್ರೇಮಕ್ಕ ನಮ್ಮ ಮನೆಯಲ್ಲಿ ಇರುವುದೆಂದು ಗೊತ್ತಾಯಿತು.

ಅವರು ಬಂದದ್ದು ಒಂದು ರೆಕ್ಸಿನ್ ಬ್ಯಾಗು ಹಿಡಿದುಕೊಂಡು. ಎತ್ತರದ ಆಳು, ದೊಡ್ಡ ಕಣ್ಣು, ಹುಬ್ಬಿನ ನಡುವೆ ವರ್ಷಗಟ್ಟಲೆ ಬಣ್ಣ ಹಚ್ಚಿ ಕಪ್ಪಾದ ಜಾಗ. ಬೆಳಗ್ಗೆ ಮೆಣಸು ಹಾಕಿದ ಬಿಸಿನೀರು ಕುಡಿದು, ಹಿತ್ತಲಲ್ಲಿ ಕಂಠ ಸಾಧನೆ ಮಾಡುತ್ತಿದ್ದರು. ಪಕ್ಕದ ಮನೆಯ ಎಮ್ಮೆ ಕತ್ತೆತ್ತಿ ಕೇಳುತ್ತಿತ್ತು. ಎರಡನೆಯ ದಿನ ಊಟಕ್ಕೆ ಕೂತಾಗ ಅವರು ಕೇಳಿದರು, "ಟೀಚರಮ್ಮ, ಈ ಸುಮಾ ಅನ್ನೋಳು ಜಡೆ ಒಂದು ಹಾಕ್ತಾಳಾ, ಎರಡಾ?"

ನಾನು ತುತ್ತು ಕೈಯಲ್ಲೇ ಹಿಡಿದೆ. "ನಿಮಗೆ ತಾಯಿ ಪಾತ್ರ ಅಲ್ವಾ ಪ್ರೇಮಕ್ಕ?"

ಅವರು ಸಾರು ಸುರಿದುಕೊಂಡು ಕಲೆಸಿದರು. "ನಾನು ಹದಿನಾರನೇ ವಯಸ್ಸಲ್ಲಿ ಕುಂತಿ ಮಾಡ್ದೋಳು ಕಣಮ್ಮ. ಕರ್ಣ ಆದೋರಿಗೆ ಮೀಸೆ ನರೆತಿತ್ತು. ನಮ್ಮಪ್ಪನ ವಯಸ್ಸು. ನನ್ ಕಾಲ್ ಹಿಡ್ಕಂಡು ಅಮ್ಮಾ ಅಂತ ಅಳೋರು. ನಾನು ತಲೆ ಸವರಿ ಮಗನೇ ಅನ್ಬೇಕು. ಜನ ನಗಲಿಲ್ಲ, ಅತ್ರು. ಹದ್ನಾರಕ್ಕೆ ತಾಯಿ ಆಗಬೌದು, ಐವತ್ತೆರಡಕ್ಕೆ ಹದ್ನಾರು ಆಗಬಾರ್ದಾ?"

ಆ ದಿನದಿಂದ ನನ್ನ ಕುತೂಹಲವೆಲ್ಲ ಸಿನಿಮಾದ ಸುಮಾಳನ್ನು ಬಿಟ್ಟು ಇವರ ಮೇಲೆ ತಿರುಗಿತು.

ಮರುದಿನ ನಾನು ಕಾಲೇಜಿಗೆ ಹೊರಟಾಗ ಅವರೂ ಸೆರಗು ಸರಿಮಾಡಿಕೊಂಡು ಹೊರಟರು. "ಬಸ್ಸಲ್ಲಿ ಒಂದ್ ಸುತ್ತು ಹೋಗಿ ಬತ್ತೀನಿ." ಒಂದು ಸುತ್ತು ಹದಿನೈದು ದಿನ ಆಯಿತು. ಹುಡುಗಿಯರು ತುಂಬಿದ ಆ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಹಿಡಿದು, ಹಿಂದಕ್ಕೆ ತಿರುಗಿ ಕೂತು, ಅವರನ್ನೇ ನೋಡುವರು. ತಿಪಟೂರಿನಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ಸು. ಸಂಜೆ ನನಗೆ ವರದಿ. ಒಬ್ಬಳು ಮುನಿಸಿಕೊಂಡರೆ ಬ್ಯಾಗನ್ನು ಮಧ್ಯೆ ಇಡುತ್ತಾಳಂತೆ. ಒಬ್ಬಳು ಕನ್ನಡಿ ಇಲ್ಲದೆ ಮೊಬೈಲಿನಲ್ಲೇ ಬಿಂದಿ ಸರಿಮಾಡಿಕೊಳ್ಳುತ್ತಾಳಂತೆ. ಇಪ್ಪತ್ತು ವರ್ಷದಿಂದ ಇಂಥದೇ ಮಕ್ಕಳಿಗೆ ಹಳಗನ್ನಡ ಹೇಳುತ್ತಿರುವ ನಾನು ಇದನ್ನೆಲ್ಲ ಕಂಡೇ ಇರಲಿಲ್ಲ.

ತಾಲೀಮಿನಲ್ಲಿ ಮಾತ್ರ ಎಲ್ಲ ಎಡವಟ್ಟು. ನಮ್ಮ ಹಾರ್ಮೋನಿಯಂ ಮೇಷ್ಟ್ರ ಬೆರಳಿಗೆ ಸಿನಿಮಾ ಹಾಡು ಬಂದರೂ ಮನಸ್ಸಿಗೆ ಬರಲಿಲ್ಲ. ಪಲ್ಲವಿಗೆ ಮೊದಲು ಉದ್ದನೆಯ ಆಲಾಪ ಎಳೆಯುವರು. ರೇಣುಕಪ್ಪ ಜೀನ್ಸ್ ಪ್ಯಾಂಟು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಎದೆ ಉಬ್ಬಿಸಿ, ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿಗೆ ಹಾಡುವ ಹಾಡನ್ನು ಅರ್ಜುನನಿಗೆ ಸವಾಲು ಹಾಕುವ ಹಾಗೆ ಹಾಡುವನು. ಕೊಬ್ಬರಿ ಕೆಲಸಕ್ಕೆ ಬಂದ ಹೆಂಗಸರು ಮನೆಗೆ ಹೋಗದೆ ನಿಂತು ನೋಡಿ ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಿದ್ದರು.

ತಾಯಿಯ ಪಾತ್ರ ಎಂದಾಗ ಪ್ರೇಮಕ್ಕ ಎಲ್ಲರೆದುರೇ ಹೇಳಿದರು, ವೀಳ್ಯ ಕೊಟ್ಟದ್ದು ಸುಮಾಗೆ ಅಂತ. ಚೇತನ್ ಮೆತ್ತಗೇ ಹೇಳಿದ, "ಅಕ್ಕ, ನಿಮ್ಮ ಬಗ್ಗೆ ಗೌರವ ಇದೆ. ಆದ್ರೆ ಜನ ನಗ್ತಾರೆ." ರೇಣುಕಪ್ಪ ಹದಿನೇಳರ ರಘು ಆಗುವಾಗ ಈ ಮಾತು ಯಾಕೆ ಬರಲಿಲ್ಲ ಎಂದು ನನಗೆ ಸಿಟ್ಟು ಬಂತು. ಕೇಳಿಯೂ ಬಿಟ್ಟೆ. ರೇಣುಕಪ್ಪ ನೆಲ ನೋಡಿದ. ಪ್ರೇಮಕ್ಕ ತಾಯಿಯ ಪಾತ್ರದ ಹಾಳೆ ತೆಗೆದುಕೊಂಡರು.

ಫೆಬ್ರವರಿಯ ಕೊನೆಗೆ ಸ್ಪಂದನಾ ಇಂಟರ್ನಲ್ಸ್ ಇದೆಯೆಂದು ಒಂದು ಸಂಜೆ ತಾಲೀಮಿಗೆ ಬರಲಿಲ್ಲ. ಕಡೆಯ ಸೀನಿಗೆ ಬೆಳಕಿನವರು ಜಾಗ ಗುರುತು ಮಾಡಿಕೊಳ್ಳಬೇಕು, ಸುಮ್ಮನೆ ಕೂರಲು ಒಬ್ಬರು ಬೇಕು. ಪ್ರೇಮಕ್ಕ ಹೋಗಿ ಬೆಂಚಿನ ಮೇಲೆ ಕೂತರು. ಬ್ಯಾಗು ತೊಡೆಯ ಮೇಲೆ. ಸ್ವಲ್ಪ ಹೊತ್ತಿಗೆ ಅವರ ಬಲಗೈ ಬೆರಳು ಬ್ಯಾಗಿನ ಮೇಲೆ ಏನೋ ಬರೆಯತೊಡಗಿತು. ತುಟಿ ಅಲುಗುತ್ತಿತ್ತು. ಬೆರಳು ಒಂದು ಕಡೆ ನಿಂತಿತು, ಹಣೆ ಗಂಟಾಯಿತು, ಉತ್ತರ ನೆನಪಾಗಿ ಮತ್ತೆ ಓಡಿತು. ಪರೀಕ್ಷೆಯ ಬೆಳಗ್ಗೆ ನನ್ನ ಮಕ್ಕಳು ಮಾಡುವುದು ಹಾಗೆಯೇ. ಕೆಲಸದ ಹೆಂಗಸರಲ್ಲಿ ಒಬ್ಬರೂ ಸೆರಗು ಬಾಯಿಗೆ ಇಡಲಿಲ್ಲ.

ಚೇತನ್ ರೇಣುಕಪ್ಪನ ಪಕ್ಕ ಬಂದು ನಿಂತ. "ಸರ್" ಎಂದ, "ಆ ನಿಮ್ಮ ಒಂದು, ಎರಡು ಇದೆಯಲ್ಲ. ಸುಮಾಗೂ ಮಾಡೋಣ."

"ನಾನ್ ಮೊದ್ಲೇ ಹೇಳ್ಲಿಲ್ವಾ?" ಎಂದ ರೇಣುಕಪ್ಪ. ಅವನು ಹೇಳಿರಲೇ ಇಲ್ಲ.

ಸ್ಪಂದನಾ ಎರಡು ದಿನ ಮುಖ ಊದಿಸಿಕೊಂಡಳು. ಕಡೆಯ ಸೀನು ಕೈತಪ್ಪಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಮೂರನೆಯ ದಿನ ಪ್ರೇಮಕ್ಕ ಮಾಡುವುದನ್ನು ನೋಡಿದ ಮೇಲೆ ತಾನೇ ಹೋಗಿ ಅವರಿಗೆ ಎರಡು ಜಡೆ ಹೆಣೆದು ಮಡಚಿ ರಿಬ್ಬನ್ ಕಟ್ಟಿದಳು.

ಈಗ ತಕರಾರು ಪ್ರೇಮಕ್ಕನದು. ಹಾಡಿಲ್ಲದೆ ರಂಗದಿಂದ ಹೋಗುವುದು ಹೇಗೆ? ದ್ರೌಪದಿ ಹೋಗುವಾಗ ಹಾಡು, ಕುಂತಿ ಹೋಗುವಾಗ ಹಾಡು. ಅಷ್ಟೊಂದು ಹಾಡು ತಂದು ತುರುಕಿದ್ದೀರಿ, ನನಗೊಂದು ಕೊಡಿ ಎಂದರು. ಚೇತನ್ ಒಪ್ಪಲಿಲ್ಲ, ಆ ಸೀನು ಮೌನವಾಗಿಯೇ ಇರಬೇಕು ಎಂದ. ಅಂದು ಸಂಜೆ ಮನೆಯ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ಪ್ರೇಮಕ್ಕ ತಾವೇ ಸಮಾಧಾನಕ್ಕೆ ಬಂದರು.

"ಹೋಗೋಳು ಯಾರೂ ಹಾಡ್ಕಂಡು ಹೋಗಲ್ಲ ಬುಡಿ. ನಾನೂ ಹಾಡ್ಲಿಲ್ಲ."

"ಎಲ್ಲಿಂದ ಹೋಗಿದ್ರಿ?"

"ಇಸ್ಕೂಲಿಂದ. ಎಸ್ಸೆಸ್ಸೆಲ್ಸಿ ಓದ್ತಿದ್ದೆ. ನಮ್ಮಮ್ಮನೂ ನಾಟಕದೋಳೇ. ಒಂದ್ ಊರಿನೋರ ಹತ್ರ ಕುಂತಿ ಪಾತ್ರಕ್ಕೆ ವೀಳ್ಯ ಇಸ್ಕಂಡಿದ್ಲು, ಗಂಟಲು ಕಟ್ಟೋಯ್ತು. ಆ ಮೇಲೆ ಸರಿ ಹೋಗಲೇ ಇಲ್ಲ. ವೀಳ್ಯ ಇಸ್ಕಂಡ ಮೇಲೆ ಯಾರಾದ್ರೂ ಹೋಗ್ಬೇಕಲ್ಲ. ನಂಗೆ ಮಾತೆಲ್ಲ ಬಾಯಿಪಾಠ ಆಗಿತ್ತು, ಅವ್ಳು ಹೇಳೋದ್ ಕೇಳಿ ಕೇಳಿ." ಅವರು ಒಂದು ಹುಳುಕು ಕಾಳನ್ನು ಎಸೆದರು. "ಒಂದ್ ನಾಟಕ ಅಂತ ಹೋದೆ. ಪರೀಕ್ಷೆ ಟೈಮಿಗೆ ಇನ್ನೊಂದ್ ಊರಲ್ಲಿದ್ದೆ."

"ಬೇಜಾರಿದೆಯಾ ಪ್ರೇಮಕ್ಕ?"

"ಹೊಟ್ಟೆಗೆ ಹಾಕಿದ್ದು ಅದೇ ನಾಟಕ ಕಣಮ್ಮ. ಅದ್ರ ಮೇಲೆ ಬೇಜಾರು ಮಾಡ್ಕಂಡ್ರೆ ಆಯ್ತದಾ? ಬರೆದಿದ್ರೆ ಪಾಸಾಗ್ತಿದ್ನೋ ಇಲ್ವೋ, ಅದೊಂದ್ ತಿಳ್ಕಬೇಕು ಅಂತ ಅವಾಗವಾಗ ಅನ್ಸುತ್ತೆ."

ನನ್ನ ಹಾಜರಿ ಪುಸ್ತಕದಲ್ಲಿ ಪ್ರತಿವರ್ಷ ಒಂದಿಬ್ಬರು ಹುಡುಗಿಯರ ಹೆಸರಿನ ಮುಂದೆ ಗೈರು, ಗೈರು, ಗೈರು ಎಂದು ಬರೆದು ಆಮೇಲೆ ಕೆಂಪು ಗೆರೆ ಎಳೆಯುತ್ತೇನೆ. ಯಾಕೆ ಬಿಟ್ಟರು ಎಂದು ಒಂದೆರಡು ಸಲ ಫೋನು ಮಾಡಿದ್ದೇನೆ, ಮನೆಗೆ ಹೋಗಿ ಕೇಳಿದವಳಲ್ಲ. ಸಿನಿಮಾದ ಸುಮಾ ಯಾಕೆ ಇಳಿದಳೆಂದು ಇಷ್ಟು ವರ್ಷ ವಾದ ಮಾಡಿದವಳು ನಾನು. ಅವತ್ತು ನನಗೆ ನಾಚಿಕೆಯಾಯಿತು.

ಆಟದ ದಿನ ಸಂಜೆ ಆರೂವರೆಗೆ ಮಾರುಕಟ್ಟೆಯ ಬಯಲು ತುಂಬಿಹೋಗಿತ್ತು. ತುರುವೇಕೆರೆಯಿಂದ, ಹುಳಿಯಾರಿನ ಕಡೆಯಿಂದ ಕೂಡ ಜನ ಬಂದಿದ್ದರು. ಬೇಸಗೆಯ ಧಗೆ, ಬೀಸಣಿಗೆಯಾಗಿ ಮಡಚಿದ ಕರಪತ್ರಗಳು. ಹಾಡು ಹಾಡಿಗೂ ಶಿಳ್ಳೆ. ಲಾರಿ ಶಂಕ್ರನ ಹಾಡಿಗೆ ಜನರೆಲ್ಲ ಕೂಡಿ ಹಾಡಿದರು. ರೇಣುಕಪ್ಪ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು ಬಂದಾಗ "ರಘೂ" ಎಂದು ಪ್ರೀತಿಯಿಂದಲೇ ಕೂಗಿದರು. ಅವನು ಅಂದು ಸೊಂಟದ ಮೇಲೆ ಕೈಯಿಡಲಿಲ್ಲ. ಮೆಲ್ಲಗೆ, ಯಾರಿಗೋ ಕೇಳಿಸಿದರೆ ಸಾಕು ಎನ್ನುವ ಹಾಗೆ ಹಾಡಿದ.

ಆಮೇಲೆ ಪ್ರೇಮಕ್ಕ ಬಂದರು. ಬಿಳಿ ರವಿಕೆ, ನೀಲಿ ಲಂಗ, ಮಡಚಿದ ಎರಡು ಜಡೆ. ಮುಂದಿನ ಸಾಲಿನಿಂದ ನಗು ಎದ್ದು ಹಿಂದಕ್ಕೆ ಹೋಯಿತು. "ಅಜ್ಜಿ ಪಾಸಾಗ್ತೀಯ ಬುಡಜ್ಜಿ" ಎಂದ ಯಾರೋ. ಇನ್ನೂ ಜೋರು ನಗು. ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತಿದ್ದ ನಾನು ಅವರ ಮುಖ ನೋಡಿದೆ. ಅವರಿಗೆ ಕೇಳಿಸಿತ್ತು, ಕಿವಿಯ ಬುಡ ಕೆಂಪಾಗಿತ್ತು. ಬಸ್ಸಿನ ಬೆಂಚಿನ ಮೇಲೆ ರೇಣುಕಪ್ಪನ ಪಕ್ಕ ಕೂತರು. ಬ್ಯಾಗು ತೊಡೆಗೆ ಎಳೆದುಕೊಂಡರು, ಬೆರಳು ಓಡತೊಡಗಿತು. ಮುಂದೆ ಕೂತಿದ್ದ ಕಾಲೇಜು ಹುಡುಗಿಯರ ನಗು ಮೊದಲು ನಿಂತಿತು. ಆಮೇಲೆ ಅವರ ಹಿಂದಿನವರದು. ಕಂಡಕ್ಟರ್ ಪಾತ್ರದಲ್ಲಿದ್ದ, ನಿಜವಾಗಿಯೂ ಕಂಡಕ್ಟರ್ ಆಗಿ ರಿಟೈರ್ ಆದ ಬಸವರಾಜಣ್ಣ "ಹೋಲ್ಡಾನ್" ಎಂದು ಬಸ್ಸು ನಿಲ್ಲಿಸಿದರು. ಪ್ರೇಮಕ್ಕ ಎದ್ದರು, ಇಳಿದರು, ಹಿಂದೆ ತಿರುಗಿ ನೋಡದೆ ನಡೆದು ವಿಂಗಿನೊಳಗೆ ನನ್ನ ಪಕ್ಕಕ್ಕೆ ಬಂದು ನಿಂತರು.

ಬೆಳಕು ಆರಬೇಕಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ: "ಒನ್ಸ್ ಮೋರ್." ಆಮೇಲೆ ಇನ್ನೊಂದು. ಆಮೇಲೆ ಇಡೀ ಬಯಲು.

ನಮ್ಮ ಜನ ಒನ್ಸ್ ಮೋರ್ ಅಂದರೆ ಅದು ಅಪ್ಪಣೆ. ಹಾಡು ಹಿಡಿಸಿದರೆ, ಸತ್ತು ಬಿದ್ದ ಅಭಿಮನ್ಯುವಾದರೂ ಎದ್ದು ಇನ್ನೊಂದು ಸಲ ಹಾಡಿ ಇನ್ನೊಂದು ಸಲ ಸಾಯಬೇಕು. ಆದರೆ ಹಾಡೂ ಇಲ್ಲದ ಮಾತೂ ಇಲ್ಲದ ಸೀನಿಗೆ ಒನ್ಸ್ ಮೋರ್ ಕೇಳಿದ್ದನ್ನು ನಾನಂತೂ ಕಂಡಿರಲಿಲ್ಲ. ಚೇತನ್ ಆ ಕಡೆಯ ವಿಂಗಿನಿಂದ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ.

"ನಂಗಾ?" ಎಂದರು ಪ್ರೇಮಕ್ಕ.

"ನಿಮಗೇ."

ಅವರು ಲಂಗದ ಅಂಚಿನಿಂದ ಮುಖ ಒರೆಸಿಕೊಂಡರು. ಬಣ್ಣ ಅಳಿಸಿತು. ಹೋಗಿ ಅದೇ ಸೀಟಿನಲ್ಲಿ ಕೂತರು. ಬಸವರಾಜಣ್ಣ "ಹೋಲ್ಡಾನ್" ಎಂದರು. ಪ್ರೇಮಕ್ಕ ಏಳಲಿಲ್ಲ. ಅವರ ಬೆರಳು ಬ್ಯಾಗಿನ ಮೇಲೆ ಬರೆಯುತ್ತಲೇ ಇತ್ತು. ಬಸವರಾಜಣ್ಣ ಇನ್ನೊಂದು ಸಲ ಕೂಗಿದರು. ಮರೆತರೇನೋ ಎಂದು ನಾನು, "ಏಳಿ ಪ್ರೇಮಕ್ಕ, ಇಳೀಬೇಕು" ಎಂದು ಪಿಸುಗುಟ್ಟಿದೆ. ಅವರು ನನ್ನ ಕಡೆ ತಿರುಗಿ ನೋಡಿದರು. ಮರೆತವರ ನೋಟ ಅಲ್ಲ ಅದು.

ರೇಣುಕಪ್ಪ ಕಕ್ಕಾಬಿಕ್ಕಿಯಾದ. ಆದರೆ ಇಷ್ಟು ವರ್ಷ ಕರ್ಣನಾದವನು, ರಂಗದ ಮೇಲೆ ಸುಮ್ಮನೆ ಕೂರುವ ಪೈಕಿಯಲ್ಲ. ಪುಸ್ತಕದಲ್ಲಿಲ್ಲದ ಮಾತನ್ನು ತಾನೇ ಹುಟ್ಟಿಸಿದ.

"ಯಾಕ್ ಸುಮಾ, ಇಳಿಯಲ್ವಾ?"

"ಇಲ್ಲ ಕಣೋ" ಎಂದರು ಪ್ರೇಮಕ್ಕ, ಹಿಂದಿನ ಸಾಲಿಗೂ ಕೇಳಿಸುವ ಕುಂತಿಯ ಕಂಠದಲ್ಲಿ. "ನಂಗೆ ಪರೀಕ್ಷೆ ಐತೆ."

ಬಸವರಾಜಣ್ಣ ಏನು ಮಾಡಲಿ ಎಂದು ನನ್ನ ಮುಖ ನೋಡಿದರು. ನಾನು ಪುಸ್ತಕ ಮುಚ್ಚಿ, "ರೈಟ್ ಅನ್ನಿ" ಎಂದೆ.